ನೇವಾ ತೀರದ ನಗರದಲ್ಲಿ ಐದು ದಿನಗಳು

ರಷ್ಯಾ ದೇಶದ ವಾಯವ್ಯ ಭಾಗದಲ್ಲಿ, ನೇವಾ ಎಂಬ ನದಿಯು ಹಲವು ಕವಲುಗಳಾಗಿ ಒಡೆದು ಫಿನ್ಲೆಂಡ್ ಕೊಲ್ಲಿಯನ್ನು ಕೂಡುವೆಡೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರವಿರುವುದು. ಮಾಸ್ಕೋ ಪಟ್ಟಣವನ್ನು ಬಿಟ್ಟರೆ ಆ ದೇಶದಲ್ಲಿ ಇದೇ ದೊಡ್ಡದು. ಐವತ್ತು ಲಕ್ಷಕ್ಕೂ ಮೀರಿದ ಜನರು ಇಲ್ಲಿ ವಾಸಿಸುತ್ತಾರೆ. ೧೭೦೩ರಲ್ಲಿ ಪೀಟರ್ ದೊರೆಯು ಸ್ವೀಡನ್ ದೇಶದವರಿಂದ ಗೆದ್ದುಕೊಂಡ ಜೌಗುನೆಲದ ನಡುವೆ, ಒಂದು ಸಣ್ಣ ದ್ವೀಪದ ಮೇಲೆ ಕೋಟೆಗೆ ತಳಹದಿಯನ್ನು ಹಾಕಿಸಿದನು. ಒಂಬತ್ತು ವರ್ಷ ತುಂಬುವುದರೊಳಗೆ ರಾಜಧಾನಿಯು ಮಾಸ್ಕೋವಿನಿಂದ ಇಲ್ಲಿಗೆ ಬಂದಿತು. ಕೆಸರಿನಲ್ಲಿ ಮರದ ಕಂಬಗಳನ್ನು ಹೂಳಿ ಅದರ ಮೇಲೆ ಕಲ್ಲಿನ ಊರನ್ನು ನಿಲ್ಲಿಸಿದ ಬಿಟ್ಟಿಯಾಳುಗಳಲ್ಲಿ ಸಾವಿರಾರು ಮಂದಿ ಚಳಿಯಿಂದಲೂ ಜ್ವರದಿಂದಲೂ ಮಡಿದರು. ಊರಿನ ಹೆಸರು ೧೯೧೪ರಲ್ಲಿ ಪೆಟ್ರೋಗ್ರಾಡ್ ಆಯಿತು, ೧೯೨೪ರಲ್ಲಿ ಲೆನಿನ್‌ಗ್ರಾಡ್ ಆಯಿತು, ೧೯೯೧ರಲ್ಲಿ ತಿರುಗಿ ಮೊದಲಿನದೇ ಆಯಿತು. ಒಂದೇ ಮನೆಯಲ್ಲಿ ಬಾಳಿದ ಮುದುಕಿಯೊಬ್ಬಳು ತನ್ನ ಆಯುಷ್ಯದಲ್ಲಿ ಮೂರು ಊರುಗಳ ವಿಳಾಸವನ್ನು ಬರೆದಿರಬಹುದು!

ನಾವು ೨೦೧೯ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಐದು ದಿನ ಈ ನಗರದಲ್ಲಿದ್ದೆವು. ಅರಮನೆಗಳನ್ನೂ ದೇವಾಲಯಗಳನ್ನೂ ಕಾರಂಜಿಗಳನ್ನೂ ನೋಡಿಕೊಂಡು ಮರಳುವುದು ಯಾತ್ರಿಕರ ವಾಡಿಕೆ. ನಾವೂ ಅವನ್ನೆಲ್ಲ ನೋಡಿದೆವು. ಆದರೆ ಈ ಊರಿನಲ್ಲಿ ಚಿನ್ನದ ಶಿಖರಗಳ ಬುಡದಲ್ಲಿಯೇ ಹಸಿವಿನ ಕಥೆಯೊಂದು ಅಡಗಿದೆ. ಅದನ್ನು ತಿಳಿಯದೆ ನೋಡಿದವರು ಊರನ್ನು ಅರ್ಧ ಮಾತ್ರ ನೋಡಿದಂತೆಯೇ ಎಂದು ನಮ್ಮ ಅಭಿಪ್ರಾಯ.

ಆ ಕಥೆಯನ್ನು ಮೊದಲೇ ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯವು ದಕ್ಷಿಣದಿಂದಲೂ ಫಿನ್ಲೆಂಡಿನ ಸೈನ್ಯವು ಉತ್ತರದಿಂದಲೂ ಒತ್ತಿ, ೧೯೪೧ನೆಯ ಸೆಪ್ಟೆಂಬರ್ ೮ರಂದು ಊರಿಗೆ ಬರುವ ನೆಲದ ದಾರಿಗಳೆಲ್ಲವೂ ಕಡಿದುಹೋದವು. ಆ ಮುತ್ತಿಗೆ ೧೯೪೪ನೆಯ ಜನವರಿ ೨೭ರವರೆಗೆ, ೮೭೨ ದಿನಗಳ ಕಾಲ ನಡೆಯಿತು. ಮೊದಲನೆಯ ಚಳಿಗಾಲದಲ್ಲಿ, ನವೆಂಬರ್ ೨೦ರಿಂದ ಡಿಸೆಂಬರ್ ೨೫ರವರೆಗೆ, ಕಾರ್ಖಾನೆಯ ಕೆಲಸಗಾರನಿಗೆ ದಿನಕ್ಕೆ ೨೫೦ ಗ್ರಾಂ ಬ್ರೆಡ್ಡು. ಮಕ್ಕಳಿಗೂ ಮುದುಕರಿಗೂ ಮನೆಯಲ್ಲಿರುವ ಹೆಂಗಸರಿಗೂ ೧೨೫ ಗ್ರಾಂ. ನಮ್ಮ ಕಡೆಯ ಒಂದು ಸಾಧಾರಣ ರಾಗಿಮುದ್ದೆಯ ಅರ್ಧಕ್ಕಿಂತಲೂ ಇದು ಕಡಮೆ. ಅದರಲ್ಲಿಯೂ ಎಲ್ಲವೂ ಹಿಟ್ಟಲ್ಲ. ನಾವು ಹಸುಗಳಿಗೆ ಹಾಕುವಂತಹ ಹತ್ತಿಬೀಜದ ಹಿಂಡಿಯನ್ನೂ ಮರದ ನಾರಿನ ಪುಡಿಯನ್ನೂ ಬೆರಸುತ್ತಿದ್ದರು. ಲಾದೊಗಾ ಎಂಬ ದೊಡ್ಡ ಸರೋವರವು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆಯೇ ಲಾರಿಗಳನ್ನು ಓಡಿಸಿ ಧಾನ್ಯವನ್ನು ತಂದರು. ಮುತ್ತಿಗೆಯಲ್ಲಿ ಸತ್ತವರು ಆರು ಲಕ್ಷಕ್ಕೆ ಮೇಲ್ಪಟ್ಟೆಂದು ಕೆಲವರೂ ಹತ್ತು ಲಕ್ಷಕ್ಕೂ ಮೀರಿತೆಂದು ಕೆಲವರೂ ಲೆಕ್ಕ ಹಾಕಿರುವರು. ಅವರಲ್ಲಿ ಬಹುಪಾಲು ಜನರನ್ನು ಕೊಂದುದು ಗುಂಡಲ್ಲ, ಉಪವಾಸ.

ಇನ್ನು ನಮ್ಮ ಪ್ರವಾಸಕ್ಕೆ ಬರೋಣ. ಜೂನ್ ತಿಂಗಳಿನಲ್ಲಿ ಇಲ್ಲಿ ರಾತ್ರಿಯೆಂಬುದೇ ಇಲ್ಲ. ಸೂರ್ಯನು ಹತ್ತೂವರೆ ಗಂಟೆಯ ಸುಮಾರಿಗೆ ಮುಳುಗಿ ಮೂರೂವರೆಗೆಲ್ಲ ಮತ್ತೆ ಹುಟ್ಟುತ್ತಾನೆ. ನಡುವಣ ಹೊತ್ತಿನಲ್ಲಿಯೂ ಆಕಾಶವು ಕಪ್ಪಾಗದೆ ಮುತ್ತಿನ ಬಣ್ಣದಲ್ಲಿರುತ್ತದೆ. ಸಂಧ್ಯಾವಂದನೆಯ ನಿಯಮವುಳ್ಳವರು ಸಾಯಂಕಾಲದ ಅರ್ಘ್ಯವನ್ನು ಮುಗಿಸಿ ಅಲ್ಲಿಯೇ ಕುಳಿತಿದ್ದರೆ ಪ್ರಾತಃಕಾಲದ್ದಕ್ಕೂ ಏಳಬೇಕಾಗಿಲ್ಲವೆಂದು ನಮ್ಮ ಜತೆಯವರೊಬ್ಬರು ಹಾಸ್ಯ ಮಾಡಿದರು. ನಡುರಾತ್ರಿ ಕಳೆದ ಮೇಲೆ, ಸಮುದ್ರಕ್ಕೆ ಹೋಗಿಬರುವ ಹಡಗುಗಳಿಗಾಗಿ ನೇವಾ ನದಿಯ ಸೇತುವೆಗಳು ನಡುವೆ ಸೀಳಿಕೊಂಡು ಎರಡು ತೋಳುಗಳಂತೆ ಮೇಲಕ್ಕೇಳುತ್ತವೆ. ಅದನ್ನು ನೋಡಲು ದಡದಲ್ಲಿ ನೆರೆದ ಜನಜಂಗುಳಿಯನ್ನು ಕಂಡರೆ ಜಾತ್ರೆಯ ನೆನಪಾಗುವುದು. ಆಚೆಯ ದಡದಲ್ಲಿ ವಸತಿಯಿದ್ದವರು ಸೇತುವೆ ಏಳುವುದಕ್ಕೆ ಮುಂಚೆ ದಾಟಿಕೊಳ್ಳಬೇಕು. ಇಲ್ಲವಾದರೆ ಬೆಳಗಿನ ಜಾವದವರೆಗೆ ನದಿಯ ಗಾಳಿಯೇ ಗತಿ. ಜೂನ್ ಆದರೂ ಆ ಗಾಳಿಗೆ ಉಣ್ಣೆಯ ಅಂಗಿ ಬೇಕೇ ಬೇಕು.

ಮರುದಿನ ಎರ್ಮಿತಾಜ್ ಎಂಬ ವಸ್ತುಸಂಗ್ರಹಾಲಯಕ್ಕೆ ಹೋದೆವು. ನದಿಯ ದಡದಲ್ಲಿರುವ ಚಳಿಗಾಲದ ಅರಮನೆಯೂ ಅದರ ಪಕ್ಕದ ಕಟ್ಟಡಗಳೂ ಸೇರಿ ಈ ಸಂಗ್ರಹಾಲಯವಾಗಿದೆ. ಎರಡನೆಯ ಕ್ಯಾಥರಿನ್ ರಾಣಿಯು ೧೭೬೪ರಲ್ಲಿ ಚಿತ್ರಗಳನ್ನು ಕೊಳ್ಳಲು ಪ್ರಾರಂಭಿಸಿದಳು. ೧೮೫೨ರಲ್ಲಿ ಸಾಮಾನ್ಯ ಜನರಿಗೆ ಬಾಗಿಲು ತೆರೆಯಿತು. ಈಗ ಇಲ್ಲಿರುವ ವಸ್ತುಗಳು ಮೂವತ್ತು ಲಕ್ಷ. ಒಂದೊಂದರ ಮುಂದೆ ಒಂದೊಂದು ನಿಮಿಷ ಹಗಲಿರುಳೆನ್ನದೆ ನಿಂತರೂ ಐದು ವರ್ಷ ಮೀರುತ್ತದೆ. ನಮಗಿದ್ದುದು ಆರು ಗಂಟೆಗಳ ಕಾಲ! ಆದುದರಿಂದ ಬಿಳಿಯ ಅಮೃತಶಿಲೆಯ ಮಹಾಸೋಪಾನವನ್ನು ಹತ್ತಿ, ಚಿನ್ನದ ನವಿಲು ಗರಿಗೆದರುವ ಗಡಿಯಾರವನ್ನು ನೋಡಿ, ಹಸುರು ಕಲ್ಲಿನ ಕಂಬಗಳ ಕೊಠಡಿಯನ್ನು ದಾಟಿ, ನೇರವಾಗಿ ರೆಂಬ್ರಾಂಟ್ ಚಿತ್ರಕಾರನ ಶಾಲೆಗೆ ನಡೆದೆವು.

ಅಲ್ಲಿ ‘ದಾರಿತಪ್ಪಿದ ಮಗನು ಮರಳಿ ಬಂದುದು’ ಎಂಬ ದೊಡ್ಡ ಚಿತ್ರವಿದೆ. ಆಸ್ತಿಯನ್ನೆಲ್ಲ ಹಾಳುಮಾಡಿ, ತಲೆ ಬೋಳಾಗಿ, ಹಿಮ್ಮಡಿ ಸವೆದ ಮೆಟ್ಟನ್ನು ಮೆಟ್ಟಿ ಮನೆಗೆ ಬಂದ ಮಗನು ಮೊಳಕಾಲೂರಿ ತಂದೆಯ ಎದೆಯಲ್ಲಿ ಮುಖವಿಟ್ಟಿದ್ದಾನೆ. ಕಣ್ಣು ಮಂಜಾದ ಮುದುಕನು ಎರಡು ಕೈಗಳನ್ನೂ ಮಗನ ಬೆನ್ನಿನ ಮೇಲೆ ಇಟ್ಟಿದ್ದಾನೆ. ಬೈಬಲ್ಲಿನ ಕಥೆಯನ್ನು ಓದದವರಿಗೂ ಆ ಕೈಗಳು ಅರ್ಥವಾಗುತ್ತವೆ. ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸಿದ ತಾಯಿತಂದೆಗಳು ಅದರ ಮುಂದಿನಿಂದ ಬೇಗ ಕದಲಲಾರರು, ನಾವೂ ಕದಲಲಿಲ್ಲ.

ಈ ಚಿತ್ರಗಳಿಗೂ ಮುತ್ತಿಗೆಯ ಕಥೆಗೂ ಸಂಬಂಧವುಂಟು. ಯುದ್ಧವು ಪ್ರಾರಂಭವಾದೊಡನೆ ಸಂಗ್ರಹಾಲಯದವರು ಹಗಲಿರುಳು ದುಡಿದು, ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ, ಎರಡು ರೈಲುಗಳಲ್ಲಿ ಉರಾಲ್ ಪರ್ವತಗಳ ಕಡೆಯ ಸ್ವೆರ್ದ್‌ಲೋವ್ಸ್ಕ್ ನಗರಕ್ಕೆ ಸಾಗಿಸಿಬಿಟ್ಟರು. ಚಿತ್ರಗಳು ಹೋದರೂ ಚೌಕಟ್ಟುಗಳು ಗೋಡೆಗಳ ಮೇಲೆ ಹಾಗೆಯೇ ಉಳಿದವು. ನೆಲಮಾಳಿಗೆಗಳಲ್ಲಿ ಸುಮಾರು ಎರಡು ಸಾವಿರ ಜನರು ಬಾಂಬುಗಳಿಗೆ ಹೆದರಿ ಆಶ್ರಯ ಪಡೆದಿದ್ದರು. ಆ ದಿನಗಳಲ್ಲಿ ಪಾವೆಲ್ ಗುಬ್‌ಚೆವ್‌ಸ್ಕಿ ಎಂಬ ಅಲ್ಲಿಯ ಉದ್ಯೋಗಿಯೊಬ್ಬನು, ಸಹಾಯ ಮಾಡಲು ಬಂದಿದ್ದ ಸೈನಿಕರನ್ನು ಖಾಲಿ ಚೌಕಟ್ಟುಗಳ ಮುಂದೆ ಕರೆದೊಯ್ದು, ಯಾವ ಚೌಕಟ್ಟಿನಲ್ಲಿ ಯಾವ ಚಿತ್ರವಿತ್ತು, ಅದರಲ್ಲಿ ಯಾರ ಮುಖ ಹೇಗಿತ್ತು, ಬೆಳಕು ಎಲ್ಲಿಂದ ಬೀಳುತ್ತಿತ್ತು ಎಂಬುದನ್ನೆಲ್ಲ ನೆನಪಿನಿಂದಲೇ ವರ್ಣಿಸಿ ತೋರಿಸಿದನಂತೆ. ಹೊಟ್ಟೆಗಿಲ್ಲದ ಮನುಷ್ಯನು ಬರಿಯ ಗೋಡೆಯನ್ನು ತೋರಿಸಿ ಚಿತ್ರವನ್ನು ಹೇಳುವುದು, ಹೊಟ್ಟೆಗಿಲ್ಲದವರು ನಿಂತು ಅದನ್ನು ಕೇಳುವುದು! ಇದನ್ನು ತಿಳಿದ ಮೇಲೆ ಆ ಚಿನ್ನದ ಚೌಕಟ್ಟುಗಳನ್ನು ನಾವು ಬೇರೆ ಕಣ್ಣಿನಿಂದ ನೋಡಿದೆವು.

ಮಕ್ಕಳಿರುವ ಮನೆಗಳಿಗೆ ಒಂದು ಮಾತು: ಈ ಅರಮನೆಯ ನೆಲಮಾಳಿಗೆಯಲ್ಲಿ ಸುಮಾರು ಐವತ್ತು ಬೆಕ್ಕುಗಳು ಸಂಸಾರ ಹೂಡಿವೆ. ೧೭೪೫ರಲ್ಲಿ ಎಲಿಜಬೆತ್ ರಾಣಿಯು ಇಲಿಗಳ ಕಾಟಕ್ಕಾಗಿ ಕಜಾನ್ ಪಟ್ಟಣದಿಂದ ಒಳ್ಳೆಯ ಬೆಕ್ಕುಗಳನ್ನು ಕಳುಹಿಸಬೇಕೆಂದು ಆಜ್ಞೆ ಮಾಡಿದಳು. ಮುತ್ತಿಗೆಯ ಹಸಿವಿನಲ್ಲಿ ಊರಿನ ಬೆಕ್ಕುಗಳೆಲ್ಲ ಇಲ್ಲವಾದವು. ದಾರಿ ತೆರೆದ ಮೇಲೆ ಯಾರೊಸ್ಲಾವ್ಲ್ ಪ್ರಾಂತದಿಂದ ರೈಲಿನಲ್ಲಿ ಬೆಕ್ಕುಗಳನ್ನು ತರಿಸಿದರೆಂದು ಹೇಳುವರು. ಮಾಲಯಾ ಸದೋವಾಯಾ ಎಂಬ ಬೀದಿಯಲ್ಲಿ ಗೋಡೆಯ ಅಂಚಿನ ಮೇಲೆ ಎರಡು ಬೆಕ್ಕುಗಳ ಸಣ್ಣ ವಿಗ್ರಹಗಳನ್ನಿಟ್ಟಿದ್ದಾರೆ. ಅವುಗಳ ಪೀಠಕ್ಕೆ ನಾಣ್ಯವನ್ನೆಸೆದು ನಿಲ್ಲಿಸಿದವರ ಇಷ್ಟಾರ್ಥ ನೆರವೇರುವುದಂತೆ. ನಮ್ಮ ನಾಣ್ಯಗಳೆಲ್ಲ ಕೆಳಗೆ ಬಿದ್ದವು.

ನಾವು ಇಳಿದುಕೊಂಡಿದ್ದುದು ಒಬ್ಬ ವೃದ್ಧೆಯ ಮನೆಯಲ್ಲಿ. ಇಂಗ್ಲೀಷು ಬಲ್ಲ ಮೊಮ್ಮಗಳು ದುಭಾಷಿಯಾಗಿದ್ದಳು. ಸಸ್ಯಾಹಾರಿಗಳೆಂದು ಕೇಳಿ ಆಕೆಗೆ ಮೊದಲು ಚಿಂತೆಯಾಯಿತಾದರೂ ಆಮೇಲೆ ಆಲೂಗಡ್ಡೆ, ಎಲೆಕೋಸು, ತೆಳುವಾದ ದೋಸೆಯಂತಹ ಬ್ಲಿನಿ, ನಮ್ಮ ಮಜ್ಜಿಗೆಯ ಅಣ್ಣನಂತಿರುವ ಕೆಫೀರ್ ಇವುಗಳಿಂದ ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡರು. ಊಟವಾದ ಮೇಲೆ ಆ ತಾಯಿ ಮೇಜಿನ ಮೇಲೆ ಉದುರಿದ ಕಪ್ಪು ಬ್ರೆಡ್ಡಿನ ಚೂರುಗಳನ್ನು ಅಂಗೈಯ ಅಂಚಿನಿಂದ ಬಳಿದು, ಇನ್ನೊಂದು ಅಂಗೈಗೆ ತುಂಬಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಕೆ ಹುಟ್ಟಿದ್ದು ಯುದ್ಧವು ಮುಗಿದ ಮೇಲೆ. ಆದರೆ ಆಕೆಯ ತಾಯಿ ಮುತ್ತಿಗೆಯ ಊರಿನಲ್ಲಿದ್ದು ಬದುಕಿದವರು. ಬ್ರೆಡ್ಡಿನ ಚೂರನ್ನು ಕಸಕ್ಕೆ ಹಾಕುವುದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲವೆಂದು ಮೊಮ್ಮಗಳು ಹೇಳಿದಳು. ಎಲೆಯಲ್ಲಿ ಅಗುಳು ಬಿಡಬಾರದೆಂದು ನಮ್ಮ ಅಜ್ಜಿಯರು ಗದರುತ್ತಿದ್ದುದು ನಮಗೆ ನೆನಪಾಯಿತು.

ಮೂರನೆಯ ದಿನ ಸೇಂಟ್ ಐಸಾಕ್ ದೇವಾಲಯವನ್ನು ನೋಡಿದೆವು. ೧೮೧೮ರಿಂದ ೧೮೫೮ರವರೆಗೆ ನಾಲ್ವತ್ತು ವರ್ಷ ಕಟ್ಟಿದ ಕಟ್ಟಡವಿದು. ಗುಮ್ಮಟಕ್ಕೆ ಚಿನ್ನದ ಮುಲಾಮು ಮಾಡಿದೆ. ಒಂದೊಂದೂ ನೂರು ಟನ್ನಿಗೂ ಮೀರಿದ ತೂಕದ ಏಕಶಿಲೆಯ ಕಂಬಗಳು. ಕೆಲವು ಕಂಬಗಳಲ್ಲಿ ಫಿರಂಗಿಯ ಗುಂಡು ತಗುಲಿ ಚಕ್ಕೆಯೆದ್ದಿರುವುದನ್ನು ಸರಿಪಡಿಸದೆ ಬಿಟ್ಟಿದ್ದಾರೆ. ಮೆಟ್ಟಿಲುಗಳನ್ನು ಹತ್ತಿ ಮೇಲಿನ ಸುತ್ತುಗಟ್ಟೆಯಿಂದ ನೋಡಿದರೆ ಊರೆಲ್ಲವೂ ಕಾಣುವುದು. ದೇವಾಲಯದ ಮುಂದಿನ ಚೌಕದಲ್ಲಿ ಹೂವಿನ ಪಾತಿಗಳಿದ್ದವು. ೧೯೪೨ರ ಬೇಸಗೆಯಲ್ಲಿ ಅದೇ ನೆಲದಲ್ಲಿ ಎಲೆಕೋಸು ಬೆಳೆದಿದ್ದರು, ಅದರ ಛಾಯಾಚಿತ್ರವಿದೆ.

ಅದೇ ಚೌಕದ ಅಂಚಿನಲ್ಲಿ ಯಾತ್ರಿಕರು ಸಾಮಾನ್ಯವಾಗಿ ತಿರುಗಿಯೂ ನೋಡದ ಕಟ್ಟಡವೊಂದಿದೆ. ಅದು ಸಸ್ಯಸಂಶೋಧನೆಯ ಸಂಸ್ಥೆ. ನಿಕೊಲಾಯ್ ವಾವಿಲೋವ್ ಎಂಬ ಮಹಾವಿಜ್ಞಾನಿಯು ಭೂಮಂಡಲವನ್ನೆಲ್ಲ ಸುತ್ತಿ, ಲೋಕದ ಬೆಳೆಗಳ ಬಿತ್ತನೆಯ ಬೀಜಗಳನ್ನು ಇಲ್ಲಿ ಕೂಡಿಹಾಕಿದ್ದನು. ಅಂತಹವನನ್ನು ೧೯೪೦ರಲ್ಲಿ ಸರಕಾರವು ಸೆರೆಹಿಡಿಯಿತು. ಮುತ್ತಿಗೆಯ ಕಾಲದಲ್ಲಿ ಅವನ ಸಹೋದ್ಯೋಗಿಗಳು ಗೋದಿ, ಅಕ್ಕಿ, ಓಟ್ಸು, ಅವರೆ, ಕಡಲೆಗಳ ಲಕ್ಷಗಟ್ಟಲೆ ಪೊಟ್ಟಣಗಳನ್ನು ಇಲಿಗಳಿಂದಲೂ ಕಳ್ಳರಿಂದಲೂ ಕಾಯುತ್ತ ಕುಳಿತರು. ಆಲೂಗಡ್ಡೆಯ ತಳಿಗಳು ಹೆಪ್ಪುಗಟ್ಟದಿರಲೆಂದು ಕುರ್ಚಿ ಮೇಜುಗಳನ್ನು ಸುಟ್ಟು ಕಾಯಿಸಿದರು. ಆದರೆ ಒಂದು ಹಿಡಿಯನ್ನೂ ಬೇಯಿಸಿಕೊಳ್ಳಲಿಲ್ಲ. ಅಕ್ಕಿಯ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೊವ್ ಎಂಬವನು ಸಾವಿರಾರು ಅಕ್ಕಿಯ ಪೊಟ್ಟಣಗಳ ನಡುವೆ ಹಸಿವಿನಿಂದ ಸತ್ತನು. ನೆಲಗಡಲೆಯ ವಿಷಯದ ತಜ್ಞನಾದ ಅಲೆಕ್ಸಾಂದರ್ ಷ್ಚೂಕಿನ್ ತನ್ನ ಮೇಜಿನ ಮುಂದೆಯೇ ಪ್ರಾಣಬಿಟ್ಟನು. ಇನ್ನೂ ಹಲವರು ಹಾಗೆಯೇ ಹೋದರು. ವಾವಿಲೋವನೂ ೧೯೪೩ನೆಯ ಜನವರಿಯಲ್ಲಿ ಸರಾತೊವ್ ಪಟ್ಟಣದ ಸೆರೆಮನೆಯಲ್ಲಿ, ಅನ್ನವಿಲ್ಲದೆ ಸೊರಗಿ ತೀರಿಕೊಂಡನು. ಲೋಕಕ್ಕೆ ಅನ್ನ ಹೆಚ್ಚಿಸಬೇಕೆಂದಿದ್ದವನಿಗೆ ತನ್ನ ದೇಶವೇ ತಂದ ಗತಿಯಿದು.

ಬರಗಾಲದಲ್ಲಿಯೂ ಬೀಜದ ಕಣಜಕ್ಕೆ ಕೈಹಾಕದ ಒಕ್ಕಲುಮಕ್ಕಳ ಕಥೆಗಳು ನಮ್ಮಲ್ಲಿಯೂ ಉಂಟು. ಆದರೆ ಅವರು ಕಾದುದು ತಮ್ಮ ಹೊಲದ ಬೀಜವನ್ನು. ಇವರು ಕಾದುದು ತಾವೆಂದೂ ಕಾಣದ ಜನರ ಹೊಲಗಳಿಗಾಗಿ. ಇದು ಸರಿಯೆ, ಒಂದು ಮೂಟೆ ಅಕ್ಕಿಯಿಂದ ಒಂದು ಜೀವವುಳಿದಿದ್ದರೆ ತಪ್ಪೇನು, ಎಂಬುದಾಗಿ ನಮ್ಮ ನಡುವೆ ಆ ಸಂಜೆ ದೊಡ್ಡ ವಾದವೇ ನಡೆಯಿತು. ಹೆಂಗಸರು ಜೀವದ ಪಕ್ಷ ವಹಿಸಿದರು. ವಾದವು ಇತ್ಯರ್ಥವಾಗಲಿಲ್ಲ.

ಮಿಕ್ಕ ನೋಟಗಳನ್ನು ಬೇಗನೆ ಹೇಳುತ್ತೇವೆ. ಭೂಗರ್ಭದ ರೈಲು ಇಲ್ಲಿ ಬಹಳ ಆಳ. ಅದ್ಮಿರಲ್ತೆಯ್‌ಸ್ಕಾಯಾ ಎಂಬ ನಿಲ್ದಾಣವು ನೆಲದಿಂದ ೮೬ ಮೀಟರು ಕೆಳಗಿದ್ದು, ಚಲಿಸುವ ಮೆಟ್ಟಿಲಿನ ಮೇಲೆ ನಿಂತು ಇಳಿಯುವಾಗ ಪಾತಾಳಕ್ಕೆ ಹೊರಟಂತಾಗುವುದು. ಪೀಟರ್‌ಹೋಫ್ ಉದ್ಯಾನದ ಕಾರಂಜಿಗಳು ಯಾವ ಯಂತ್ರದ ನೆರವೂ ಇಲ್ಲದೆ, ಎತ್ತರದ ನೆಲದಿಂದ ಹರಿದುಬಂದ ನೀರಿನ ಒತ್ತಡದಿಂದಲೇ ಚಿಮ್ಮುತ್ತವೆ. ಯುದ್ಧದಲ್ಲಿ ಈ ಉದ್ಯಾನವು ಹಾಳಾಗಿ, ಸಿಂಹದ ಬಾಯಿ ಸೀಳುವ ಸ್ಯಾಮ್ಸನ್ ವಿಗ್ರಹವನ್ನು ಶತ್ರುಗಳು ಒಯ್ದರು. ೧೯೪೭ರಲ್ಲಿ ಹೊಸತನ್ನು ಎರೆಸಿ ನಿಲ್ಲಿಸಿದರು. ನೆವ್‌ಸ್ಕಿ ಎಂಬ ರಾಜಬೀದಿಯಲ್ಲಿ ಅಂಗಡಿಗಳ ಸಾಲು ಮುಗಿಯುವುದಿಲ್ಲ. ಪಕ್ಕದ ಬೀದಿಯೊಂದರಲ್ಲಿ ನಮ್ಮ ಉದ್ದಿನ ವಡೆಯಂತೆ ನಡುವೆ ತೂತುಳ್ಳ, ಸಕ್ಕರೆ ಉದುರಿಸಿದ ಪಿಷ್ಕಿಗಳನ್ನು ಬಿಸಿಯಾಗಿ ತಿಂದೆವು. ಅದೇ ರಾಜಬೀದಿಯ ೧೪ನೆಯ ನಂಬರಿನ ಮನೆಯ ಗೋಡೆಯ ಮೇಲೆ, ಫಿರಂಗಿಯ ಹೊಡೆತ ನಡೆಯುವಾಗ ಬೀದಿಯ ಈ ಬದಿಯು ಹೆಚ್ಚು ಅಪಾಯಕರವೆಂದು ನೀಲಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆದ ಎಚ್ಚರಿಕೆ ಇದೆ. ಕೆಳಗೆ ಯಾರೋ ಹೂವಿಟ್ಟಿದ್ದರು.

ಕೊನೆಯ ದಿನ ಪಿಸ್ಕರ್‌ಯೋವ್‌ಸ್ಕೊಯೆ ಸ್ಮಶಾನಕ್ಕೆ ಹೋದೆವು. ‘ಧೈರ್ಯದ ಚೌಕ’ವೆಂಬ ಅರ್ಥದ ಹೆಸರುಳ್ಳ ನಿಲ್ದಾಣದಲ್ಲಿ ರೈಲನ್ನಿಳಿದು ಬಸ್ಸು ಹತ್ತಬೇಕು. ಮುತ್ತಿಗೆಯಲ್ಲಿ ಮಡಿದ ಸುಮಾರು ನಾಲ್ಕು ಲಕ್ಷ ತೊಂಬತ್ತು ಸಾವಿರ ಜನರನ್ನು ಇಲ್ಲಿ ಹೂಳಿದೆ; ೧೯೬೦ರಲ್ಲಿ ಇದನ್ನು ಸ್ಮಾರಕವಾಗಿ ತೆರೆದರು. ಬಾಗಿಲಿನ ಬಳಿಯ ಮಂಟಪದಲ್ಲಿ ತಾನ್ಯಾ ಸವಿಚೇವಾ ಎಂಬ ಬಾಲಕಿಯ ದಿನಚರಿಯ ಪ್ರತಿಯನ್ನಿಟ್ಟಿದ್ದಾರೆ. ಒಂಬತ್ತೇ ಹಾಳೆಗಳು; ಅಕ್ಕ, ಅಜ್ಜಿ, ಅಣ್ಣ, ಇಬ್ಬರು ಚಿಕ್ಕಪ್ಪಂದಿರು, ತಾಯಿ, ಒಬ್ಬೊಬ್ಬರೂ ಸತ್ತ ದಿನವನ್ನೂ ಗಂಟೆಯನ್ನೂ ಬರೆದು, ಕಡೆಗೆ ತಾನೊಬ್ಬಳೇ ಉಳಿದೆನೆಂದು ಮುಗಿಸಿದ್ದಾಳೆ. ಒಬ್ಬ ಅಕ್ಕನೂ ಒಬ್ಬ ಅಣ್ಣನೂ ಬೇರೆಡೆಯಲ್ಲಿ ಬದುಕಿದ್ದರೆಂಬುದು ಆ ಮಗುವಿಗೆ ತಿಳಿದಿರಲಿಲ್ಲ. ಊರಿನಿಂದ ಹೊರಗೆ ಕಳುಹಿಸಲ್ಪಟ್ಟರೂ ೧೯೪೪ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಹೋದಳು.

ಮಂಟಪವನ್ನು ದಾಟಿದರೆ ಆರದ ದೀಪ. ಅದರಾಚೆಗೆ ಎರಡು ಬದಿಗಳಲ್ಲಿಯೂ ಹಸುರು ಹುಲ್ಲಿನ ಉದ್ದನೆಯ ದಿಬ್ಬಗಳು. ಅಂತಹ ೧೮೬ ದಿಬ್ಬಗಳಿವೆ. ಒಂದರ ಮೇಲೂ ಹೆಸರಿಲ್ಲ. ತಲೆಯ ಕಡೆಯ ಕಲ್ಲಿನಲ್ಲಿ ಇಸವಿ ಮಾತ್ರ ಕೊರೆದಿದೆ: ಸೈನಿಕರದಾದರೆ ಜತೆಗೊಂದು ನಕ್ಷತ್ರ, ಊರಿನವರದಾದರೆ ಸುತ್ತಿಗೆ ಕುಡುಗೋಲು. ೧೯೪೨ ಎಂದಿರುವ ಕಲ್ಲುಗಳೇ ಹೆಚ್ಚು. ನಾವು ತಂದಿದ್ದ ಹೂಗಳನ್ನಿಡಲು ಬಾಗಿದಾಗ ಆ ಕಲ್ಲುಗಳ ಮೇಲೆ ಬೇರೆಯವರು ಇಟ್ಟುಹೋದುದು ಕಣ್ಣಿಗೆ ಬಿತ್ತು. ಹೂವಿನ ಪಕ್ಕದಲ್ಲಿ ಕಾಗದ ಸುತ್ತಿದ ಮಿಠಾಯಿಗಳಿದ್ದವು. ಅಲ್ಲಲ್ಲಿ ಒಂದೊಂದು ತುಂಡು ಕಪ್ಪು ಬ್ರೆಡ್ಡು ಇತ್ತು.