ಗಂಟಿನ ಬದಲು ಬಳೆ

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ಕನ್ನಡದಲ್ಲಿರುವ ಹಾಗೆಯೇ ತೆಲುಗಿನಲ್ಲೂ ಇದೆ. 'ಎತ್ತಿಕೋ' ಎಂಬ ಮಾತೂ ಅಷ್ಟೇ. ಹೈದರಾಬಾದಿನ ಕಾಚಿಗುಡದಲ್ಲಿರುವ ನಮ್ಮ ಓಣಿಯಲ್ಲಿ ಮಗು ಅತ್ತರೆ ಸಾಕು, ಯಾವುದೋ ಮಹಡಿಯಿಂದ 'ಎತ್ತುಕೋ' ಎಂಬ ಕೂಗು ಬರುತ್ತದೆ. ಅದನ್ನು ನಮಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ಎತ್ತಿಕೊಳ್ಳುವುದರಲ್ಲಿ ಇಷ್ಟು ಹಳೆಯ ಅನುಭವವಿರುವ ನಾವು, ಎತ್ತಿಕೊಳ್ಳುವ ಬಟ್ಟೆಯನ್ನು ಇವತ್ತು ಮೊಬೈಲಿನಲ್ಲಿ ಹುಡುಕುತ್ತೇವೆ. ಹುಡುಕುವುದೇನೂ ತಪ್ಪಲ್ಲ. ಏನನ್ನು ನೋಡಿ ಆರಿಸಬೇಕು ಎಂಬುದೇ ಪ್ರಶ್ನೆ. ನಮ್ಮ ಮನೆಯಲ್ಲಿ ಆ ಪ್ರಶ್ನೆಯ ಜೊತೆಗೆ ಇನ್ನೊಂದೂ ಸೇರಿಕೊಂಡಿತ್ತು: ಬಟ್ಟೆಯಲ್ಲಿ ಕೂಸು ಕಟ್ಟಿಕೊಂಡು ತಿರುಗುವುದು ಯಾರ ಕೆಲಸ?

ನನ್ನ ಮಗಳು ಅಕ್ಟೋಬರಿನಲ್ಲಿ, 33 ವಾರಕ್ಕೇ ಹುಟ್ಟಿದಳು. ತೂಕ 1.7 ಕೆಜಿ. ಎನ್‌ಐಸಿಯುನಲ್ಲಿ ಕೆಲವು ದಿನ ಕಳೆದ ಮೇಲೆ ನರ್ಸ್ ಒಬ್ಬರು ಅವಳಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ ಉಳಿಸಿ, ನನ್ನ ಬರಿಯ ಎದೆಯ ಮೇಲೆ ನಿಲ್ಲಿಸಿದಂತೆ ಮಲಗಿಸಿ, ಅಗಲವಾದ ಹತ್ತಿ ಬಟ್ಟೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿದರು. ಕಾಲು ಕಪ್ಪೆಯ ಹಾಗೆ ಮಡಚಿ ಅಗಲವಾಗಿರಬೇಕು, ತಲೆ ಒಂದು ಪಕ್ಕಕ್ಕೆ ತಿರುಗಿರಬೇಕು, ಕತ್ತು ಸ್ವಲ್ಪ ಮೇಲಕ್ಕೆ ಚಾಚಿರಬೇಕು. 'ಮೂಗು ಕಾಣ್ತಿದೆಯಾ? ಅದೊಂದು ನೋಡ್ತಾ ಇರಿ' ಎಂದರು. ಮುಂದೆ ನಾನು ನೋಡಿದ ಎಲ್ಲ ಸ್ಲಿಂಗ್‌ಗಳ ಸೂಚನೆಗಳ ತಿರುಳು ಆ ಒಂದು ಮಾತಿನಲ್ಲಿತ್ತು.

ಇದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು, ಇನ್‌ಕ್ಯುಬೇಟರ್ ಸಾಲದೆ ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸಬೇಕಾದ ಆಸ್ಪತ್ರೆಯಲ್ಲಿ, ತಾಯಿಯ ಮೈ ಬಿಸಿಯನ್ನೇ ಬಳಸಲು ಶುರುಮಾಡಿದ್ದು. ಬಡವರ ಆಸ್ಪತ್ರೆಯ ಉಪಾಯವಾಗಿ ಹುಟ್ಟಿದ್ದು ಈಗ ಎಲ್ಲರಿಗೂ ಹೇಳುವ ಚಿಕಿತ್ಸೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, 1ರಿಂದ 1.8 ಕೆಜಿಯೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಶುರುಮಾಡಿದರೆ ಮೊದಲ 28 ದಿನಗಳ ಸಾವು ಶೇ. 25ರಷ್ಟು ತಗ್ಗುತ್ತದೆ ಎಂದು ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಇದನ್ನು ಜಿಲ್ಲೆಯ ಮಟ್ಟದಲ್ಲಿ ಹರಡುವ ಕೆಲಸ ಮಾಡಿದ್ದಾರೆ. ಅಪ್ಪನ ಎದೆಯೂ ಇದಕ್ಕೆ ಆಗುತ್ತದೆ. ನನ್ನ ಗಂಡ ರಾತ್ರಿಯ ಪಾಳಿ ತೆಗೆದುಕೊಂಡರು. ಅವರ ಎದೆಯ ಮೇಲೆ ಅವಳು ನನ್ನ ಹತ್ತಿರಕ್ಕಿಂತ ಹೆಚ್ಚು ಹೊತ್ತು ಮಲಗುತ್ತಿದ್ದಳು ಎಂಬುದು ನನಗೆ ಆಗ ಸ್ವಲ್ಪ ಚುಚ್ಚಿತ್ತು, ನಿದ್ದೆಯ ಲೆಕ್ಕದಲ್ಲಿ ಲಾಭವೂ ಆಗಿತ್ತು.

ಹೊಸದಾಗಿ ತಾಯಿಯಾದವರು ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಕಾಂಗರೂ ಆರೈಕೆ ಎಂದರೆ ಒರಗಿ ಕುಳಿತು, ಮೈಗೆ ಮೈ ತಾಗಿಸಿ, ಕಣ್ಣಿಟ್ಟು ಮಾಡುವಂಥದ್ದು. ಸ್ಲಿಂಗ್ ಎಂದರೆ ಕೂಸನ್ನು ಕಟ್ಟಿಕೊಂಡು ಬೇರೆ ಕೆಲಸಕ್ಕೆ ಏಳುವುದು. ಮೊದಲನೆಯದು ಸರಿಹೋಯಿತೆಂದು ಎರಡನೆಯದಕ್ಕೆ ಹಾಗೆಯೇ ದಾಟುವಂತಿಲ್ಲ. 2010ರ ಮಾರ್ಚಿನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಕೆ ಕೊಟ್ಟಿತು: ಹಿಂದಿನ 20 ವರ್ಷಗಳಲ್ಲಿ ಸ್ಲಿಂಗ್‌ಗೆ ಸಂಬಂಧಿಸಿದ ಕನಿಷ್ಠ 14 ಸಾವುಗಳು ಅದರ ಗಮನಕ್ಕೆ ಬಂದಿದ್ದವು, ಅವುಗಳಲ್ಲಿ 12 ಕೂಸುಗಳು ನಾಲ್ಕು ತಿಂಗಳೊಳಗಿನವು. ಕಾರಣ ಎರಡು. ಬಟ್ಟೆ ಜೋಲಿಯಂತೆ ಆಳವಾಗಿ ಇಳಿಬಿದ್ದರೆ ಕೂಸಿನ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ. ಮಡಚಿದ ಸ್ಟ್ರಾದಲ್ಲಿ ನೀರು ಬಾರದ ಹಾಗೆ ಉಸಿರಿನ ದಾರಿ ಕಟ್ಟುತ್ತದೆ. ಇಲ್ಲವೇ ಮೂಗು, ಬಾಯಿ ಬಟ್ಟೆಗೋ ಹೊತ್ತವರ ಮೈಗೋ ಒತ್ತಿಕೊಳ್ಳುತ್ತದೆ. ಕತ್ತು ನಿಲ್ಲದ ಕೂಸಿಗೆ ತಲೆ ತಿರುಗಿಸಿಕೊಳ್ಳಲು ಬರುವುದಿಲ್ಲ, ಅಳಲೂ ಆಗುವುದಿಲ್ಲ. ದಿನ ತುಂಬದೆ ಹುಟ್ಟಿದವರಿಗೆ, ತೂಕ ಕಡಿಮೆ ಇರುವವರಿಗೆ ಇದು ಇನ್ನೂ ಹೆಚ್ಚು. ನಮ್ಮ ವೈದ್ಯರು ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಾಗಿದ್ದ ದಿನದಿಂದ ನಾಲ್ಕು ತಿಂಗಳು ಎಣಿಸಿ, ಕತ್ತು ನೋಡಿ, ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟರು. ಆಗ ಅವಳು ಐದೂವರೆ ಕೆಜಿ.

ಏಪ್ರಿಲ್ ಎಂದರೆ ಹೈದರಾಬಾದಿನಲ್ಲಿ ಬಿಸಿಲು 40ರ ಹತ್ತಿರ. ಹಾಗಾಗಿ ನನ್ನ ಆಯ್ಕೆಯಲ್ಲಿ ಸೆಕೆಯದೇ ಮೊದಲ ಮಾತು. ಮಾರುಕಟ್ಟೆಯಲ್ಲಿ ಸಿಗುವುದನ್ನು ಮೂರು ಬಗೆಯೆಂದು ಹೇಳಬಹುದು. ಬಕಲ್ ಕ್ಯಾರಿಯರ್ ಹಾಕಿಕೊಳ್ಳುವುದು ಸುಲಭ, ಭಾರವನ್ನು ಎರಡೂ ಹೆಗಲಿಗೆ ಮತ್ತು ಸೊಂಟಕ್ಕೆ ಹಂಚುತ್ತದೆ. ಆದರೆ ಸ್ಪಂಜು ತುಂಬಿದ ಪಟ್ಟಿಗಳು ನಮ್ಮ ಬೇಸಿಗೆಯಲ್ಲಿ ಬೆವರಿನ ಮುದ್ದೆ. ರ‍್ಯಾಪ್ ಎಂದರೆ ಉದ್ದನೆಯ ಬಟ್ಟೆ. ಮೈಗೆ ಸುತ್ತಿ ಗಂಟು ಹಾಕುವುದು. ಹಿಗ್ಗುವ ಹೊಸೈರಿ ಬಟ್ಟೆಯದು ಚಿಕ್ಕ ಕೂಸಿಗೆ ಮೆತ್ತಗಿರುತ್ತದೆ. ಮಗು ತೂಕ ಏರಿದಂತೆ ಜಗ್ಗುತ್ತದೆ, ಮೂರು ಪದರ ಸುತ್ತಬೇಕಾದ್ದರಿಂದ ಸೆಕೆಯೂ ಹೆಚ್ಚು. ನೇಯ್ದ ಹತ್ತಿಯದು ಹೆಚ್ಚು ಕಾಲ ಬರುತ್ತದೆ, ಕಟ್ಟಲು ಕಲಿಯಬೇಕು. ರಿಂಗ್ ಸ್ಲಿಂಗ್ ಸುಮಾರು ಎರಡು ಮೀಟರ್ ಬಟ್ಟೆಯದು. ಒಂದು ತುದಿಗೆ ಹೊಲಿದ ಎರಡು ಬಳೆಗಳ ನಡುವೆ ಇನ್ನೊಂದು ತುದಿಯನ್ನು ತೂರಿಸಿ ಎಳೆದರೆ ಬಿಗಿಯುತ್ತದೆ. ಕೂಸಿನ ಮೇಲೆ ಒಂದೇ ಪದರ. ಒಂದೇ ಹೆಗಲಿಗೆ ಭಾರ ಬೀಳುವುದು ಅದರ ಕೊರತೆ. ಗಂಟೆಗಟ್ಟಲೆ ಹೊರುವವರಿಗೆ ಹೇಳಿದ್ದಲ್ಲ. ನಾನು ಆರಿಸಿದ್ದು ಕೈಮಗ್ಗದ ಹತ್ತಿಯ ರಿಂಗ್ ಸ್ಲಿಂಗ್.

ಯಾವುದನ್ನೇ ಕೊಳ್ಳಿ, ಕೂಸನ್ನು ಕೂರಿಸಿ ಮುಂದಿನಿಂದ ನೋಡಿ. ಬಟ್ಟೆ ಒಂದು ಮೊಣಕಾಲ ಹಿಂದಿನಿಂದ ಇನ್ನೊಂದು ಮೊಣಕಾಲ ಹಿಂದಿನವರೆಗೆ ತೊಡೆಗೆ ಆಸರೆಯಾಗಿರಬೇಕು, ಮೊಣಕಾಲು ಕುಂಡೆಗಿಂತ ಮೇಲಿರಬೇಕು. ಅಗ್ಗದ ಕೆಲವು ಕ್ಯಾರಿಯರ್‌ಗಳಲ್ಲಿ ತೊಡೆಸಂದಿನ ಕೆಳಗೆ ಕಿರಿದಾದ ಪಟ್ಟಿ ಮಾತ್ರ ಇದ್ದು ಕಾಲು ನೇರವಾಗಿ ಜೋತು ಬೀಳುತ್ತವೆ. ಸೊಂಟದ ಕೀಲು ಇನ್ನೂ ಗಟ್ಟಿಯಾಗುತ್ತಿರುವ ಮೊದಲ ತಿಂಗಳುಗಳಿಗೆ ಅದು ಒಳ್ಳೆಯದಲ್ಲ. ನಮ್ಮ ಹೆಂಗಸರು ಕೂಸನ್ನು ಸೊಂಟದ ಮೇಲೆ, ಕಾಲು ಎರಡೂ ಕಡೆಗೆ ಬರುವಂತೆ ಕೂರಿಸಿಕೊಳ್ಳುವ ಭಂಗಿಯನ್ನೇ ನೆನೆಸಿಕೊಳ್ಳಿ. ಕೀಲಿಗೆ ಬೇಕಾದದ್ದು ಅದೇ.

ಸೀರೆಯಲ್ಲೇ ಕಟ್ಟಬಾರದೇ ಎಂದು ಕೇಳುವವರಿದ್ದಾರೆ. ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್. ವಿದೇಶದಲ್ಲಿ ಮಾರುವ ದೊಡ್ಡ ಅಳತೆಯ ರ‍್ಯಾಪ್‌ನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಗಲ ಮಾತ್ರ ನಮ್ಮದು ಹೆಚ್ಚು, ಅದನ್ನು ಉದ್ದಕ್ಕೆ ಮಡಚಬೇಕು. ರೇಷ್ಮೆ, ಸಿಂಥೆಟಿಕ್ ಜಾರುತ್ತವೆ, ಗಂಟು ನಿಲ್ಲುವುದಿಲ್ಲ. ಹತ್ತಿಯದಾದರೆ, ಬೆಳಕಿಗೆ ಹಿಡಿದು ಎಲ್ಲಿ ತೆಳುವಾಗಿದೆ ಎಂದು ನೋಡಿ, ಎರಡು ಕೈಯಿಂದ ಜಗ್ಗಿ ನೋಡಿ. ಹಳೆಯ ಸೀರೆ ಕೂಸಿನ ಮೈಗೆ ಮೆತ್ತಗೆ, ಆದರೆ ನೂಲು ಸೋತಿರುತ್ತದೆ. ತೊಟ್ಟಿಲ ಹಾಸಿಗೆ ಅದು, ಭಾರ ಹೊರಲು ಅಲ್ಲ. ರಿಂಗ್ ಸ್ಲಿಂಗ್ ಹೊಲಿಸುವುದಾದರೆ ಬಳೆಗೆ ಬೆಸುಗೆಯ ಜಾಡು ಇರಬಾರದು, ಈ ಕೆಲಸಕ್ಕೆಂದೇ ಮಾಡಿದ್ದಾಗಿರಬೇಕು. ಬೇಗಂಬಜಾರಿನಲ್ಲಿ ಸಿಗುವ ಪರದೆಯ ಬಳೆ, ಬ್ಯಾಗಿನ ಬಳೆ ಬೇಡ.

ಇಷ್ಟೆಲ್ಲ ನೋಡಿ ತರಿಸಿದ ಸ್ಲಿಂಗ್ ಬಂದ ದಿನ ಅವ್ವ ಅದನ್ನು ಮುಟ್ಟಲಿಲ್ಲ. ಬಾಣಂತನಕ್ಕೆಂದು ಸಿಂಧನೂರಿನಿಂದ ಬಂದಿದ್ದಳು. ನಿವೃತ್ತ ಶಿಕ್ಷಕಿ. 'ಕೈರೂಢಿ ಆತಂದ್ರ ಕೂಸು ಕೆಳಗ ಇಳಿಯಂಗಿಲ್ಲ ನೋಡು' ಎಂದಳು. ಅದು ಎಲ್ಲ ಅಜ್ಜಿಯರ ಮಾತು, ನಾನು ನಕ್ಕೆ. ಎರಡು ದಿನ ಬಿಟ್ಟು ನಿಜವಾದದ್ದು ಬಂತು: 'ನಾವೇನು ಕೂಲಿ ಮಂದಿಯೇನು, ಕೂಸಿನ್ನ ಅರಿವ್ಯಾಗ ಕಟ್ಟಿಕೊಂಡು ತಿರುಗಾಕ?'

ಈ ಊರಿನಲ್ಲಿ ಬಟ್ಟೆಯಲ್ಲಿ ಕೂಸು ಕಟ್ಟಿಕೊಂಡವರನ್ನು ನೋಡಬೇಕೆಂದರೆ ಅಂಗಡಿಯ ಜಾಹೀರಾತಿನ ಮುಂದೆ ನಿಲ್ಲಬೇಕಾಗಿಲ್ಲ. ಮಹಬೂಬನಗರ, ನಾರಾಯಣಪೇಟೆ, ಯಾದಗಿರಿ, ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದವರು ಇದ್ದಾರೆ. ರೆಡ್ ಹಿಲ್ಸ್‌ನ ನಿಲೋಫರ್ ಆಸ್ಪತ್ರೆಯ ಗೇಟಿನ ಬಳಿ ಬೆಳಿಗ್ಗೆ ನಿಂತರೆ ಸೀರೆಯ ತುಂಡಿನಲ್ಲಿ ಕೂಸನ್ನು ಬಗಲಿಗೆ ಕಟ್ಟಿಕೊಂಡು, ಕೈಯಲ್ಲಿ ಚೀಟಿ ಹಿಡಿದು ಓಡುವ ಅಮ್ಮಂದಿರು ಕಾಣುತ್ತಾರೆ. ನಾವು ಮೇಲೆ ಬಂದೆವೆಂದುಕೊಂಡಾಗ ಬಿಟ್ಟುಬಂದದ್ದು ಅದು. ಅದೇ ಬಟ್ಟೆ ಬೇರೆ ದಾರಿಯಿಂದ ತಿರುಗಿ ಬಂತು. 1960ರ ದಶಕದಲ್ಲಿ ಆಫ್ರಿಕಾದ ಟೋಗೊಗೆ ಹೋಗಿದ್ದ ಆ್ಯನ್ ಮೂರ್ ಎಂಬ ಅಮೆರಿಕನ್ ನರ್ಸ್ ಅಲ್ಲಿನ ತಾಯಂದಿರನ್ನು ನೋಡಿ, ಊರಿಗೆ ಮರಳಿ ಸ್ನಗ್ಲಿ ಎಂಬ ಚೀಲ ಮಾಡಿ, 1969ರಲ್ಲಿ ಪೇಟೆಂಟ್ ಪಡೆದರು. ಜರ್ಮನಿಯ ಎರಿಕಾ ಹಾಫ್‌ಮನ್ ತಮ್ಮ ಅವಳಿ ಮಕ್ಕಳನ್ನು ಮೆಕ್ಸಿಕೊದ ರೆಬೋಸೊ ಎಂಬ ಹೊದಿಕೆಯಲ್ಲಿ ಕಟ್ಟಿಕೊಂಡು, 1972ರಲ್ಲಿ ಡಿಡಿಮೋಸ್ ಎಂಬ ರ‍್ಯಾಪ್ ಕಂಪನಿ ಶುರುಮಾಡಿದರು. ಹೊಲದ ಹೆಂಗಸರ ಅರಿವೆ ಹೀಗೆ ಪೆಟ್ಟಿಗೆಯಲ್ಲಿ ಕೂತು, ಬೆಲೆಯ ಚೀಟಿ ಅಂಟಿಸಿಕೊಂಡು ನಮ್ಮ ಬಾಗಿಲಿಗೆ ಬರುತ್ತದೆ.

ಇದನ್ನೆಲ್ಲ ನಾನು ಅವ್ವನಿಗೆ ಹೇಳಿದೆ. ಅವಳು ಕೇಳಿದಳು, ಮತ್ತೆ ತನ್ನದನ್ನು ಹೇಳಿದಳು. ನನ್ನ ಅಜ್ಜಿ ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದವಳು ಎಂಬುದು ನನಗೆ ಗೊತ್ತಿತ್ತು. ಜಾಲಿ ಮರಕ್ಕೆ ಜೋಲಿ ಕಟ್ಟುತ್ತಿದ್ದದ್ದೂ ಗೊತ್ತಿತ್ತು. ಗೊತ್ತಿಲ್ಲದ್ದು ಇದು: ಕೆಸರು ಗದ್ದೆಗೆ ಕೂಸು ಬೇಡವೆಂದು ಅಜ್ಜಿ ಎಷ್ಟೋ ದಿನ ಸಣ್ಣ ಮಗನನ್ನು ಒಂಬತ್ತು ವರ್ಷದ ಅವ್ವನ ಹೆಗಲಿಗೆ ಸೀರೆಯ ತುಂಡಿನಿಂದ ಕಟ್ಟಿ ಹೋಗುತ್ತಿದ್ದಳು. ಅವ್ವ ಅವನನ್ನು ಕಟ್ಟಿಕೊಂಡೇ ಶಾಲೆಗೆ ಹೋದಳು. ಅವನು ಅತ್ತಾಗೆಲ್ಲ ಎದ್ದು ಹೊರಗೆ ಹೋಗಬೇಕು. ಕೊನೆಗೆ ಬಾಗಿಲ ಹೊರಗೆ, ಜಗುಲಿಯಲ್ಲೇ ಕುಳಿತಳು. ಆ ವರ್ಷದ ಲೆಕ್ಕವನ್ನು ಅವಳು ಕಿವಿಯಿಂದ ಕಲಿತದ್ದು. ಕಪ್ಪುಹಲಗೆ ಅಲ್ಲಿಂದ ಕಾಣುತ್ತಿರಲಿಲ್ಲ.

'ಕೈ ಬಿಡುವಾಗ್ತದ ಅಂತಿ. ಯಾರ ಕೈ?' ಎಂದಳು.

ಸ್ಲಿಂಗ್ ಬಗ್ಗೆ ನಾನು ಓದಿದ ಎಲ್ಲೂ ಈ ಪ್ರಶ್ನೆ ಇರಲಿಲ್ಲ. ಎರಡು ಕೈ ಖಾಲಿ ಆಗುತ್ತವೆ ಎಂದೇ ಎಲ್ಲರೂ ಬರೆಯುತ್ತಾರೆ. ಖಾಲಿಯಾದ ಕೈಗೆ ತಕ್ಷಣ ಸೌಟು ಬರುತ್ತದೆ, ಪೊರಕೆ ಬರುತ್ತದೆ, ಈಗಿನವರಿಗೆ ಲ್ಯಾಪ್‌ಟಾಪ್ ಬರುತ್ತದೆ. ಅಜ್ಜಿಯ ಕೈ ಬಿಡುವಾದದ್ದು ಒಂಬತ್ತು ವರ್ಷದ ಹುಡುಗಿಯ ಹೆಗಲಿನ ಮೇಲೆ. ನನಗೂ ಮೇ ತಿಂಗಳಲ್ಲಿ ಕೆಲಸಕ್ಕೆ ಮರಳುವುದಿತ್ತು. ಕೂಸನ್ನು ಕಟ್ಟಿಕೊಂಡೇ ಅಡುಗೆಯನ್ನೂ ಆಫೀಸನ್ನೂ ಮಾಡಿಬಿಡುವ ಹೆಂಗಸಿನ ಚಿತ್ರ ಪೆಟ್ಟಿಗೆಯ ಮೇಲೇ ಇತ್ತು, ನಗುತ್ತಾ.

ಅವ್ವ ಒಂದು ಷರತ್ತು ಹಾಕಿದಳು: ಮೊದಲು ಅಳಿಯ ಕಲಿಯಬೇಕು. ಹಾಗೆ ನನ್ನ ಗಂಡ ಹಾಲ್‌ನಲ್ಲಿ ಮೊದಲು ಅಕ್ಕಿಯ ಚೀಲ ಕಟ್ಟಿಕೊಂಡು, ಆಮೇಲೆ ಮಂಚದ ಹತ್ತಿರ ನಿಂತು ಮಗಳನ್ನು ಕಟ್ಟಿಕೊಂಡು ಅಭ್ಯಾಸ ಮಾಡಿದರು. ನನ್ನ ಅಳತೆಯ ಸ್ಲಿಂಗ್ ಅವರ ಅಗಲ ಹೆಗಲಿಗೆ ಸಾಲಲಿಲ್ಲ. ಬಳೆಯಿಂದಾಚೆ ಬಾಲ ಗೇಣಷ್ಟೂ ಉಳಿಯಲಿಲ್ಲ. ಇನ್ನೊಂದು ದೊಡ್ಡದು ತರಿಸಿದೆವು. ಆದ್ದರಿಂದ ನೀವು ಕೊಳ್ಳುವ ಮುಂಚೆ ಮನೆಯಲ್ಲಿ ಯಾರು ಯಾರು ಹೊರುತ್ತಾರೆ ಎಂದು ಮೊದಲು ಮಾತಾಡಿಕೊಳ್ಳಿ, ಆಮೇಲೆ ಅಳತೆ ನೋಡಿ. ಅವರನ್ನು ನೋಡುತ್ತಿದ್ದ ಅವ್ವ ಎದ್ದುಬಂದು ಹೆಗಲ ಮೇಲಿನ ಬಟ್ಟೆಯನ್ನು ತೋಳಿನ ಕಡೆಗೆ ಅಗಲವಾಗಿ ಹರಡಿದಳು, ಕೂಸಿನ ಕುಂಡೆಯ ಕೆಳಗೆ ಬಟ್ಟೆಯನ್ನು ಒಳಕ್ಕೆ ತಳ್ಳಿದಳು. ಐವತ್ತು ವರ್ಷದ ಹಿಂದಿನದನ್ನು ಕೈ ಮರೆತಿರಲಿಲ್ಲ. 'ಗಂಟಿನ ಬದ್ಲಿ ಬಳಿ ಹಾಕ್ಯಾರ, ಅಷ್ಟ' ಎಂದಳು.

ಬಳಸುವಾಗಿನ ಕೆಲವು ಮಾತು. ಬಿಗಿಯಾಗಿರಲಿ, ನೀವು ಮುಂದಕ್ಕೆ ಬಾಗಿದರೆ ಕೂಸು ಮೈಯಿಂದ ದೂರ ಸರಿಯಬಾರದು. ಬಾಗುವಾಗ ಒಂದು ಕೈ ಅದರ ಮೇಲಿರಲಿ. ತಲೆ ನಿಮ್ಮ ಮುತ್ತಿಗೆ ಎಟುಕುವ ಎತ್ತರದಲ್ಲಿರಲಿ, ಮುಖ ಸದಾ ಕಾಣುತ್ತಿರಲಿ, ಗದ್ದದ ಕೆಳಗೆ ಒಂದು ಬೆರಳು ಹಿಡಿಸುವಷ್ಟು ಜಾಗವಿರಲಿ. ಸ್ಲಿಂಗ್‌ನಲ್ಲೇ ಹಾಲು ಕುಡಿಸಿದರೆ ಆಮೇಲೆ ಮತ್ತೆ ನೆಟ್ಟಗೆ ಮೇಲಕ್ಕೆತ್ತಿ ಬಿಗಿಯಿರಿ. ಒಗ್ಗರಣೆ ಹಾಕುವಾಗ, ಬಿಸಿ ಚಹಾ ಕುಡಿಯುವಾಗ ಕೂಸು ಎದೆಯ ಮೇಲಿರಬಾರದು. ಕಾರಿನ ಸೀಟಿಗೆ, ಬೈಕಿನ ಬೆಲ್ಟಿಗೆ ಇದು ಬದಲಿಯಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಮಾತ್ರ. ಎದೆ, ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವೆತು ಸುಡುತ್ತಿದ್ದರೆ ಬಿಚ್ಚಿ.

ಈ ಊರಿಗೆ ಸ್ಲಿಂಗ್ ಒಗ್ಗುತ್ತದೆ. ಸುಲ್ತಾನ್ ಬಜಾರಿನ ಜನಸಂದಣಿಯಲ್ಲಿ, ಬೈಕು ನಿಂತ ಫುಟ್‌ಪಾತಿನಲ್ಲಿ ತಳ್ಳುಗಾಡಿ ಹತ್ತು ಹೆಜ್ಜೆ ಹೋಗುವುದಿಲ್ಲ. ನನ್ನ ಗಂಡ ಬೆಳಿಗ್ಗೆ ಆರಕ್ಕೆ ಮಗಳನ್ನು ಕಟ್ಟಿಕೊಂಡು ಹಾಲಿಗೆ ಹೋಗುತ್ತಾರೆ. ಮೊದಲ ವಾರ ಓಣಿಯವರು 'ಅಮ್ಮ ಎಲ್ಲಿ, ಹುಷಾರಿಲ್ಲವಾ?' ಎಂದು ಕೇಳುತ್ತಿದ್ದರಂತೆ. ಮಲಗಿದ್ದಾಳೆ ಎಂದು ಇವರು ಹೇಳುತ್ತಿದ್ದರಂತೆ, ಅದು ನಿಜವೂ ಆಗಿತ್ತು. ಆ ಒಂದು ಗಂಟೆಯಲ್ಲಿ ನಾನು ಪಾತ್ರೆ ತೊಳೆಯುವುದಿಲ್ಲ ಎಂಬುದು ನಮ್ಮ ಮನೆಯ ಕರಾರು.

ಅವ್ವ ಜೂನ್‌ನಲ್ಲಿ ಸಿಂಧನೂರಿಗೆ ಮರಳಿದಳು. ದಿನಾ ಸಂಜೆ ಫೋನು ಮಾಡುತ್ತಾಳೆ. ಕೂಸು ಉಂಡಿತಾ, ಮಲಗಿತಾ ಎಂಬುದೆಲ್ಲ ಆಮೇಲೆ. ಮೊದಲು ಕೇಳುವುದು ಒಂದೇ: 'ಇವತ್ತು ಯಾರು ಕಟ್ಕೊಂಡಿದ್ರು?'