ಕಾಜೂರಿಗೆ ಎರಡು ದಾರಿ

ನನ್ನ ಕಾಲು ಮುರಿದಿದ್ದಾಗ ಉಮ್ಮ ಒಂದು ಹರಕೆ ಹೊತ್ತಿದ್ದರು: ಮಗ ಎದ್ದು ನಡೆದರೆ ಮಂಗಳೂರಿನಿಂದ ಬೆಳ್ತಂಗಡಿ ತಾಲೂಕಿನ ಕಾಜೂರು ದರ್ಗಾಕ್ಕೆ ನಡೆದೇ ಹೋಗುತ್ತೇನೆ ಎಂದು. ಹರಕೆ ತೀರುವ ಮೊದಲೇ ಅವರು ಕಣ್ಮುಚ್ಚಿದರು. 52ರ ಈ ವಯಸ್ಸಿನಲ್ಲಿ ಅದು ನನ್ನ ಪಾಲಿಗೆ ಬಂದಿದೆ.

ದಾರಿಗಳು ಎರಡು. ಒಂದು ಬಿ.ಸಿ.ರೋಡ್, ಪುಂಜಾಲಕಟ್ಟೆಯ ಮೂಲಕ. ಇನ್ನೊಂದು ಮೂಡಬಿದಿರೆ, ವೇಣೂರಿನ ಮೂಲಕ. ಎರಡೂ ಗುರುವಾಯನಕೆರೆಯಲ್ಲಿ ಕೂಡುತ್ತವೆ. ನನ್ನ ಮನಸ್ಸು ಎರಡನೆಯದರ ಮೇಲಿತ್ತು. 1604ರಲ್ಲಿ ನಿಲ್ಲಿಸಿದ ವೇಣೂರಿನ ಗೊಮ್ಮಟನನ್ನು ಬಾಲ್ಯದಲ್ಲಿ ಉಮ್ಮನ ಕೈಹಿಡಿದು ನೋಡಿದ್ದೆ.

ಪ್ರತಿ ಶಿವರಾತ್ರಿಗೂ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವ ನೆರೆಮನೆಯ ಶೆಟ್ಟರನ್ನು ಕೇಳಿದೆ. "ಸಾಹೇಬ್ರೇ, ಒಟ್ಟು ದೂರ ನೋಡಬೇಡಿ. ಮೊದಲ ಸಂಜೆ ಎಲ್ಲಿಗೆ ಮುಟ್ಟುತ್ತೀರಿ ನೋಡಿ" ಎಂದರು. ಮೂಡಬಿದಿರೆಗೆ ಸುಮಾರು 35 ಕಿಲೋಮೀಟರ್, ಬಿ.ಸಿ.ರೋಡಿಗೆ 25. ಮುರಿದು ಕೂಡಿದ ಕಾಲು ಮರುದಿನವೂ ಏಳಬೇಕಲ್ಲ! "ಉಜಿರೆಯವರೆಗೆ ನಮ್ಮಿಬ್ಬರ ದಾರಿಯೂ ಒಂದೇ, ಜೊತೆಗೇ ಬನ್ನಿ" ಎಂದೂ ಕರೆದರು.

ಬಿ.ಸಿ.ರೋಡಿನ ದಾರಿಯೇ ಗಟ್ಟಿಯಾಯಿತು. ಉಜಿರೆಯಲ್ಲಿ ಅವರು ಧರ್ಮಸ್ಥಳದ ಕಡೆಗೆ, ನಾನು ಕಾಜೂರಿನ ಕಡೆಗೆ. ಮರಳುವಾಗ ಬಸ್ಸಿನಲ್ಲಿ ವೇಣೂರಿಗೆ ಹೋಗಿ ಬಂದರಾಯಿತು. ಉಮ್ಮನ ಹರಕೆ ಇದ್ದದ್ದು ನಡೆದು ಹೋಗುವುದಕ್ಕೆ ಮಾತ್ರ.