ನೀರು ಕುಡಿಯಲು ಹೆದರುವ ಹೆಣ್ಣುಮಕ್ಕಳು

ಉರಿಮೂತ್ರ ಎಂದರೆ ಸಾಕು, ‘ಉಷ್ಣ ಆಗಿದೆ, ಎಳನೀರು ಕುಡಿ’ ಅನ್ನುತ್ತಾರೆ ಮನೆಯಲ್ಲಿ. ಎಳನೀರು, ಬಾರ್ಲಿ ನೀರು, ನೀರುಮಜ್ಜಿಗೆ ಎಲ್ಲವೂ ಒಳ್ಳೆಯವೇ. ಆದರೆ ಈ ಉರಿಗೆ ಸಾಮಾನ್ಯ ಕಾರಣವಾದ ಮೂತ್ರದ ಸೋಂಕನ್ನು ತರುವುದು ಉಷ್ಣವಲ್ಲ, ಹೆಚ್ಚಿನ ಸಲ ನಮ್ಮ ಕರುಳಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾ. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ, ಮೂತ್ರಕೋಶ ತಲುಪುವುದು ಈ ಬ್ಯಾಕ್ಟೀರಿಯಾಕ್ಕೆ ಸುಲಭ. ಮೂತ್ರದ ಹರಿವು ಅದನ್ನು ಹೊರಗೆ ತಳ್ಳುತ್ತಿರಬೇಕು, ಅದಕ್ಕೆ ಸಾಕಷ್ಟು ನೀರು ಬೇಕು.

2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದೇ ಪದೇ ಈ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಿದ್ದರು. ಅರ್ಧದಷ್ಟು ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ವರ್ಷದಲ್ಲಿ ಅವರಿಗೆ ಸೋಂಕಾದದ್ದು ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ. ಬರೀ ನೀರಿನಿಂದ!

ಆದರೆ ಶೌಚಾಲಯ ಸಿಗುವುದಿಲ್ಲವೆಂದು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುವ ಬಸ್ ಕಂಡಕ್ಟರ್‌ಗೆ, ಹೂ ಮಾರುವ ಹೆಂಗಸಿಗೆ, ಶಾಲೆಯ ಹುಡುಗಿಗೆ ‘ನೀರು ಕುಡಿ’ ಎಂದರೆ ಏನು ಪ್ರಯೋಜನ? ನನಗೆ ಸಿಟ್ಟು ಬರುವುದು ಇಲ್ಲೇ. ಸ್ವಚ್ಛವಾದ, ಚಿಲಕವಿರುವ ಶೌಚಾಲಯವೂ ಈ ಕಾಯಿಲೆಗೆ ಮದ್ದೇ.

ಮೂತ್ರ ತಡೆದುಕೊಳ್ಳಬೇಡಿ. ಲೈಂಗಿಕ ಸಂಪರ್ಕದ ಬಳಿಕ ಮೂತ್ರ ಮಾಡಿ. ಯೋನಿಯ ಒಳಗೆಲ್ಲ ಸೋಪು ಹಾಕಿ ತೊಳೆಯುವುದು ಬೇಡ. ಉರಿ ಶುರುವಾದರೆ ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಹಿತ ಕೊಡುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ಜ್ವರ, ಚಳಿ, ಬೆನ್ನಿನ ಪಕ್ಕದ ನೋವು, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ವೈದ್ಯರ ಬಳಿ ಹೋಗಿ. ಗರ್ಭಿಣಿಯರಂತೂ ಬರೀ ಉರಿಯಿದ್ದರೂ ಕಾಯಬಾರದು.